ಎಳ್ಳಮಾವಾಸ್ಯೆಯ ಮರುದಿನ ನಮ್ಮ ಹೊಟ್ಟೆ ಅಳೆದವರಿಗೆ

ಮಾನ್ಯ ವಿದ್ಯಾರ್ಥಿ ಕಲ್ಯಾಣಾಧಿಕಾರಿಗಳೇ,

ನಾವು ತಿನ್ನುವ ಅನ್ನದಲ್ಲಿ ಕಬ್ಬಿಣ ಬೇಕಾದುದಕ್ಕಿಂತ ಹೆಚ್ಚಾಗಿದೆ ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಸುಣ್ಣದಂಶವಂತೂ ಎರಡು ಪಟ್ಟಂತೆ, ಸತುವಿಗೂ ಕೊರತೆಯಿಲ್ಲವಂತೆ. ರೋಣದ ಸ್ನಾತಕೋತ್ತರ ಕೇಂದ್ರದ ವಸತಿ ನಿಲಯಗಳಲ್ಲಿರುವ ನಾವು ಇಡೀ ವಿಶ್ವವಿದ್ಯಾಲಯದಲ್ಲೇ ಅತ್ಯಂತ ಖನಿಜಸಮೃದ್ಧ ವಿದ್ಯಾರ್ಥಿಗಳು ಎಂದು ತಮ್ಮ ಸಮೀಕ್ಷಾ ವರದಿ ಸಾರಿದೆ. ಈ ಶುಭವಾರ್ತೆಯ ಬೆನ್ನಿಗೇ ತಾವು ಹೊರಡಿಸಿದ ಸುತ್ತೋಲೆಯಿಂದಾಗಿ ನಮಗೆ ಸಂಜೆ ಕೊಡುತ್ತಿದ್ದ ಕಾಳಿನ ಉಸುಳಿ, ಶೇಂಗಾ ಉಂಡಿ ಮತ್ತು ಮಜ್ಜಿಗೆ ನಿಂತುಹೋದವು. ಉಂಡವರಿಗೆ ಮತ್ತೆ ಉಣ್ಣಿಸುವುದೇಕೆ ಎಂಬುದು ತಮ್ಮ ತರ್ಕ. ತರ್ಕದಲ್ಲಿ ದೋಷವಿಲ್ಲ. ಆದರೆ ತಮ್ಮ ತಂಡ ಬಂದು ನಮ್ಮ ಊಟ ಅಳೆದದ್ದು ಎಳ್ಳಮಾವಾಸ್ಯೆಯ ಮರುದಿನ. ಎಳ್ಳಮಾವಾಸ್ಯೆಯ ಹಬ್ಬದೂಟ ಉಂಡ ಮೇಲೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾರ ಹೊಟ್ಟೆ ಅಳೆದರೂ ಇಷ್ಟೇ ಬರುತ್ತದೆ, ಸ್ವಾಮಿ. ಹೊಲದ ಬದುವಿನಲ್ಲಿ ಮಲಗಿದ್ದ ನಾಯಿಯನ್ನು ಅಳೆದಿದ್ದರೆ ಅದೂ ಖನಿಜಸಮೃದ್ಧವೇ ಆಗಿರುತ್ತಿತ್ತು.

ನಾನು ಯಾರೆಂದು ಹೇಳಬೇಕಲ್ಲವೇ? ಹೆಸರು ಕವಿತಾ. ಊರು ರೋಣ ತಾಲ್ಲೂಕಿನ ಅಬ್ಬಿಗೇರಿ. ತಮ್ಮ ಕೇಂದ್ರದಲ್ಲಿ ಅರ್ಥಶಾಸ್ತ್ರದ ಎರಡನೆಯ ವರ್ಷದ ಎಂ.ಎ. ಓದುತ್ತಿದ್ದೇನೆ. ಅಪ್ಪ ಇಲ್ಲ, ಅವ್ವ ಗಾಳೆವ್ವ ಬೇರೆಯವರ ಹೊಲಗಳಿಗೆ ಕೂಲಿಗೆ ಹೋಗಿ ನನ್ನನ್ನು ಇಲ್ಲಿಯತನಕ ಓದಿಸಿದ್ದಾಳೆ. ಕಪ್ಪತಗುಡ್ಡದಲ್ಲಿ ಗಣಿಗಾರಿಕೆ ಬೇಡವೆಂದು ಕೂಗಿದ ಜಿಲ್ಲೆಯವರು ನಾವು. ಈಗ ತಮ್ಮ ವರದಿ ಓದಿದ ಗಣಿ ಇಲಾಖೆಯವರು ನೇರವಾಗಿ ನಮ್ಮ ಹಾಸ್ಟೆಲಿನ ಬಾಗಿಲಿಗೇ ಬಂದರೆ ಏನು ಮಾಡುವುದೆಂದು ಗೆಳತಿಯರೆಲ್ಲ ಕೂತು ನಕ್ಕಿದ್ದೇವೆ. ನಗು ಬೇಗ ಮುಗಿಯಿತು. ಆದ್ದರಿಂದಲೇ ಈ ಪತ್ರ.

ಮೊದಲು ಆ ಸಂಜೆಯ ಕಾಳಿನ ಬೆಲೆ ತಮಗೆ ತಿಳಿಯಬೇಕು. ನಮ್ಮ ದಿನದ ಊಟ ಹೀಗಿರುತ್ತದೆ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ. ಮಧ್ಯಾಹ್ನ ಅನ್ನ ಮತ್ತು ಸಾರು. ರಾತ್ರಿ ರೊಟ್ಟಿ, ಪಲ್ಲೆ, ಮತ್ತೆ ಅದೇ ಅನ್ನ, ಅದೇ ಸಾರು. ಪಲ್ಲೆ ಎಂದರೆ ವಾರದ ಬಹುಪಾಲು ಆಲೂಗಡ್ಡೆ ಇಲ್ಲವೇ ಗಜ್ಜರಿ. ಸೊಪ್ಪು ಎಂದರೆ ಒಗ್ಗರಣೆಯ ಕರಿಬೇವು. ಇದಕ್ಕಾಗಿ ನಮ್ಮ ಅಡಿಗೆಯ ಪರಶಪ್ಪ ಕಾಕಾನನ್ನು ದೂರುತ್ತಿಲ್ಲ. ಬಂದ ಸಾಮಾನಿನಲ್ಲಿ ಇಷ್ಟು ಜನಕ್ಕೆ ಮಾಡಬೇಕಾದವನು ಅವನು. ಈ ಎಲ್ಲದರ ನಡುವೆ ಸಂಜೆ ತರಗತಿ ಮುಗಿಸಿ ಬರುವಾಗ ಒಗ್ಗರಣೆಯ ವಾಸನೆ ಗೇಟಿನ ತನಕ ಬರುತ್ತಿತ್ತು. ಒಂದು ದಿನ ಹೆಸರು, ಒಂದು ದಿನ ಮಡಕಿ, ಒಂದು ದಿನ ಕಡಲೆ. ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ, ಕೈಗೊಂದು ಶೇಂಗಾ ಉಂಡಿ ಕೊಟ್ಟು, ಲೋಟದ ತುಂಬ ಮಜ್ಜಿಗೆ ಹುಯ್ಯುತ್ತಿದ್ದ ಪರಶಪ್ಪ ಕಾಕಾ. ಹಲ್ಲಿಗೆ ಕೆಲಸ ಸಿಗುತ್ತಿದ್ದುದು ಆಗ ಮಾತ್ರ. ಅದನ್ನು ತಿಂದೇ ಕೆಲವರು ಗ್ರಂಥಾಲಯಕ್ಕೆ, ಕೆಲವರು ಮೈದಾನಕ್ಕೆ ಹೋಗುತ್ತಿದ್ದೆವು.

ಇನ್ನು ಅಮಾವಾಸ್ಯೆಯ ಸಂಗತಿ. ಕಳೆದ ವರ್ಷದ ಎಳ್ಳಮಾವಾಸ್ಯೆಗೆ ಹಾಸ್ಟೆಲಿನ ಬಹುತೇಕ ಎಲ್ಲರೂ ಊರಿಗೆ ಹೋದೆವು. ನನ್ನ ರೂಮಿನ ಗೆಳತಿ ಜಮಾಲಬಿ ನನ್ನ ಜೊತೆ ಅಬ್ಬಿಗೇರಿಗೆ ಬಂದಳು. ಅವಳ ಊರು ಗಜೇಂದ್ರಗಡ. ತಾಯಿ ಚಮನಬಿ ಮಗ್ಗದ ಮೇಲೆ ಸೀರೆ ನೇಯುತ್ತಾರೆ. ಅವರಿಗೆ ಹೊಲವಿಲ್ಲ. ನಮಗೂ ಇಲ್ಲ. ಹೊಲವಿಲ್ಲದವರು ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವ ಹಬ್ಬಕ್ಕೆ ಹೋಗುವುದೆಲ್ಲಿಗೆ? ಅವ್ವ ವರ್ಷವಿಡೀ ದುಡಿಯುವ ಪ್ರಭುಲಿಂಗಪ್ಪನವರ ಹೊಲಕ್ಕೆ. ಅವರು ನಮ್ಮೂರಿನ ಹಳೆಯ ಜಮೀನ್ದಾರರು, ಮಾತು ಸ್ವಲ್ಪ ಜೋರು, ಆದರೆ ಆ ಒಂದು ದಿನ ಆಳು, ಒಡೆಯ, ನೆಂಟ, ದಾರಿಹೋಕ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಉಣ್ಣಿಸುತ್ತಾರೆ. ಎರಿಯ ಕರಿಮಣ್ಣಿನ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು, ಕಡಲೆ ಕಾಯಿಗಟ್ಟಿತ್ತು. ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ ಬಂದಮೇಲೆ ಬುಟ್ಟಿಗಳನ್ನು ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಮಡಕಿಕಾಳಿನ ಪಲ್ಲೆ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕಡಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಗಟ್ಟಿ ಮೊಸರು. ಪ್ರಭುಲಿಂಗಪ್ಪನವರ ಹೆಂಡತಿ ಶೇಖವ್ವ ಬಡಿಸುತ್ತ ಬಡಿಸುತ್ತ ಜಮಾಲಬಿಯ ಮುಂದೆ ನಿಂತರು.

"ಯಾಕ್ವಾ, ಹಂಗ ಕೈ ಅಡ್ಡ ಹಿಡೀತಿ? ಇದು ಭೂಮಿತಾಯಿ ಊಟ. ಇಲ್ಲಿ ಸಾಕು ಅನಬಾರದು."

"ಸಾಕು ಅನ್ನಾಂಗಿಲ್ರಿ ಅಮ್ಮಾ, ಉಸುರ ಆಡ್ಲಿಕ್ಕೆ ಜರಾ ಜಾಗಾ ಇಟಕೊಂಡೇನಿ," ಎಂದಳು ಜಮಾಲಬಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಉಸಿರಿಗೆಂದು ಬಿಟ್ಟ ಜಾಗದಲ್ಲಿ ಶೇಖವ್ವ ಇನ್ನೊಂದು ಹೋಳಿಗೆ ಇಟ್ಟುಬಿಟ್ಟರು.

ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಕಿಟಕಿಗೆ ಒರಗಿ ನಿದ್ದೆ ಮಾಡುತ್ತ ರೋಣಕ್ಕೆ ಮರಳಿದೆವು. ರಾತ್ರಿ ಊಟಕ್ಕೆ ಹಾಸ್ಟೆಲಿನಲ್ಲಿ ಯಾರೂ ತಟ್ಟೆ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ತಂಡದ ವಾಹನ ಗೇಟಿನೊಳಗೆ ಬಂತು.

ಫಲಕದಲ್ಲಿ 'ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಆಹಾರದಲ್ಲಿನ ಖನಿಜಾಂಶಗಳ ಮೌಲ್ಯಮಾಪನ' ಎಂದು ಬರೆದಿತ್ತು. ಹುಡುಗರಿಗೂ ಹುಡುಗಿಯರಿಗೂ ಒಂದೇ ಆಗಿರುವ ಊಟದ ಹಾಲಿನಲ್ಲಿ ಮೇಜು ಹಾಕಿ ನಮ್ಮನ್ನು ಒಬ್ಬೊಬ್ಬರಾಗಿ ಕರೆದರು. ನನ್ನ ಪಾಲಿಗೆ ಬಂದವರು ಶಶಿಕಾಂತ ಎಂಬ ಸಂಶೋಧನಾ ವಿದ್ಯಾರ್ಥಿ, ವಿಜಯಪುರದ ಕಡೆಯವರು. ಕೈಯಲ್ಲಿ ಸಣ್ಣ, ನಡು, ದೊಡ್ಡ ಬಟ್ಟಲುಗಳ ಚಿತ್ರವಿರುವ ಟ್ಯಾಬ್.

"ನಿನ್ನಿ ಮುಂಜಾನಿಯಿಂದ ರಾತ್ರಿತನಕ ಏನೇನ ತಿಂದ್ರಿ, ಒಂದೊಂದ ಹೇಳ್ರಿ," ಎಂದರು.

"ನಿನ್ನಿ ಎಳ್ಳ ಅಮಾಸಿ ಇತ್ರಿ ಸರ."

"ಗೊತ್ತೈತ್ರಿ," ಎಂದು ಅವರು ನಿಟ್ಟುಸಿರುಬಿಟ್ಟರು. "ನಮ್ಮವ್ವ ಹೊಲದಿಂದನ ಫೋನ್ ಮಾಡಿದ್ಲು. ನಾ ಡ್ಯೂಟಿ ಮ್ಯಾಲಿದ್ದೆ. ಇರ್ಲಿ, ಹೇಳ್ರಿ."

ನಾನು ಹೇಳುತ್ತ ಹೋದೆ. ಅವರು ಒತ್ತುತ್ತ, ನಡುನಡುವೆ ಜೊಲ್ಲು ನುಂಗುತ್ತ ಹೋದರು. ಪುಂಡಿಪಲ್ಲೆ ಬಂದಾಗ ಬೆರಳು ನಿಂತಿತು.

"ಇದರಾಗ ಪುಂಡಿಪಲ್ಲೆ ಇಲ್ರಿ. ಪಾಲಕ್ ಅಂತ ಒತ್ತತೇನಿ."

"ನಾ ಪಾಲಕ್ ತಿಂದಿಲ್ರಿ ಸರ."

"ನಂಗ ಗೊತ್ತೈತ್ರಿ, ಮಷಿನ್ನಿಗೆ ಗೊತ್ತಿಲ್ಲ. ಎಷ್ಟ ತಿಂದ್ರಿ? ಈ ಮೂರರಾಗ ಯಾವ ಬಟ್ಟಲ?"

"ಹೊಲದಾಗ ಬಟ್ಟಲ ಯಾರ ಒಯ್ದಾರ್ರಿ? ರೊಟ್ಟಿ ಮ್ಯಾಲ ಹಾಕ್ಕೊಂಡ ಉಂಡ್ವಿ."

ಅವರು ದೊಡ್ಡ ಬಟ್ಟಲನ್ನು ಒತ್ತಿದರು. ಪಕ್ಕದ ಮೇಜಿನಲ್ಲಿ ನಮ್ಮ ಸಹಪಾಠಿ, ನರಗುಂದ ತಾಲ್ಲೂಕಿನ ಕೊಣ್ಣೂರಿನ ದುರ್ಗೇಶ, ಹಿಂದೆ ನಿಂತ ಗೆಳೆಯರಿಗೆ ಕೇಳಿಸುವಂತೆ ತಾನು ತಿಂದ ಕಡಬುಗಳ ಸಂಖ್ಯೆಯನ್ನು ಹೇಳುತ್ತಿದ್ದ. ಗೆಳೆಯರು "ಹೋಗಲೇ" ಎಂದಷ್ಟೂ ಅವನ ಕಡಬು ಹೆಚ್ಚುತ್ತಿದ್ದವು. ತಮ್ಮ ವರದಿಯಲ್ಲಿ ನರಗುಂದ ತಾಲ್ಲೂಕಿನ ಹುಡುಗರ ಸುಣ್ಣದಂಶ ಗುಡ್ಡದ ಮೇಲಿನ ಕೋಟೆಗಿಂತ ಎತ್ತರಕ್ಕೆ ಹೋಗಿರುವುದು ಯಾಕೆಂದು ತಾವು ತಲೆಕೆಡಿಸಿಕೊಂಡಿದ್ದರೆ, ಕಾರಣ ಇದು.

ಕೊನೆಯ ಪ್ರಶ್ನೆಯೊಂದಿತ್ತು. ಅದನ್ನು ಸೇರಿಸಿದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ. 'ನಿನ್ನೆಯ ಊಟ ತಮ್ಮ ಎಂದಿನ ಊಟದಂತೆಯೇ ಇತ್ತೇ?' ನಾನು ಇಲ್ಲವೆಂದೆ. ಶಶಿಕಾಂತ ಪ್ರಾಮಾಣಿಕವಾಗಿ 'ಇಲ್ಲ' ಒತ್ತಿದರು. ತಕ್ಷಣ ಪರದೆ ಕೆಂಪಾಗಿ, 'ಬೇರೊಂದು ದಿನ ಮರುಭೇಟಿ ಕಡ್ಡಾಯ' ಎಂದು ತೋರಿಸಿತು. ಅವರು ಎದ್ದುಹೋಗಿ ತಂಡದ ಹಿರಿಯರ ಜೊತೆ ಮಾತಾಡಿ, ತಲೆ ಕೆಳಗೆ ಹಾಕಿಕೊಂಡು ಬಂದರು.

"ಎಲ್ಲಾರಿಗೂ 'ಹೌದು' ಒತ್ತಂತ ಹೇಳ್ಯಾರ್ರಿ. ಗಾಡಿ ನಾಳೆ ಬ್ಯಾರೆ ಜಿಲ್ಲಾಕ್ಕ ಹೋಗೂದೈತಿ."

"ದಿನಾ ನಾವು ಹಿಂಗ ಉಣ್ತೀವಿ ಅಂತ ಆತಲ್ರಿ?"

"ಆತ್ರಿ," ಎಂದು ಅವರು ಬಹಳ ಸಣ್ಣ ದನಿಯಲ್ಲಿ ಹೇಳಿದರು.

ಮಾನ್ಯರೇ, ಒಂದು ವಾಹನದ ಪ್ರವಾಸಪಟ್ಟಿಗಾಗಿ ಒಂದು ಹಬ್ಬ ವರ್ಷವಿಡೀ ಹಬ್ಬಿತು. ಶಿವರಾತ್ರಿಯ ಹೊತ್ತಿಗೆ ಸುತ್ತೋಲೆ ಬಂತು. 'ಈ ಕೇಂದ್ರದ ವಿದ್ಯಾರ್ಥಿಗಳ ದೈನಂದಿನ ಆಹಾರವೇ ಖನಿಜಭರಿತವಾಗಿರುವುದರಿಂದ ಪೂರಕ ಉಪಾಹಾರದ ಸರಬರಾಜನ್ನು ನಿಲ್ಲಿಸತಕ್ಕದ್ದು.' ಪರಶಪ್ಪ ಕಾಕಾ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿ, "ನಾ ಮಾಡಿದ ಸಾರಿನಾಗ ಇಷ್ಟೆಲ್ಲ ಐತೇನ?" ಎಂದು ತನ್ನ ಪಾತ್ರೆಯನ್ನೇ ಅನುಮಾನದಿಂದ ನೋಡಿದ. ಆ ವಾರ ಊರಿಗೆ ಹೋದಾಗ ನಾನು ಈ ಕಥೆಯನ್ನೆಲ್ಲ ಅವ್ವನಿಗೆ ನಗುನಗುತ್ತ ಹೇಳಿದೆ. ಅವ್ವ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

"ಪ್ರಭುಲಿಂಗಪ್ಪ ಗೌಡ್ರ ಹೊಲದಾಗ ಉಂಡದ್ದನ್ನ ನಮ್ಮನಿ ಊಟಾ ಅಂತ ಬರಕೊಂಡ್ರೇನ?"

"ಹೂಂ ಬೇ."

"ಹಂಗಾದ್ರ ಆ ಹೊಲಾನೂ ನಮ್ಮ ಹೆಸರಿಗೆ ಬರಕೊಳ್ಳಾಕ ಹೇಳ."

ಇಡೀ ಅರ್ಥಶಾಸ್ತ್ರ ವಿಭಾಗ ಸೇರಿ ಇದಕ್ಕಿಂತ ಚೆನ್ನಾಗಿ ತಮ್ಮ ವರದಿಯನ್ನು ವಿಮರ್ಶಿಸಲಾರದು. ಆದ್ದರಿಂದ ಅವ್ವನ ಮಾತನ್ನು ತಮ್ಮ ಗಮನಕ್ಕೆ ತಂದಿದ್ದೇನೆ.

ಈಗ ನಗು ಮುಗಿದ ಭಾಗ. ಜಮಾಲಬಿ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾಗಿ, ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಳು. ಸಂಜೆ ಉಸುಳಿ ತಿಂದು, ಸ್ವಲ್ಪ ಹೊತ್ತು ಬಿಟ್ಟು ಕಾಲೇಜಿನ ಮೈದಾನದಲ್ಲಿ ಓಡುವುದು ಅವಳ ಪದ್ಧತಿ. ಸಮಯ ನೋಡುವುದು ನನ್ನ ಕೆಲಸ. ಸುತ್ತೋಲೆ ಬಂದ ಮೇಲೆಯೂ ಅವಳು ಓಟ ಬಿಡಲಿಲ್ಲ. ಮಧ್ಯಾಹ್ನದ ಅನ್ನದ ಮೇಲೆಯೇ ಓಡುತ್ತಿದ್ದಳು. ಕೆಲವು ವಾರಗಳಲ್ಲಿ ಅವಳ ವೇಗ ಕಡಿಮೆಯಾಗುತ್ತ ಬಂತು. "ಬಿಸಲ ಜಾಸ್ತಿ ಆಗೇದ," ಎನ್ನುತ್ತಿದ್ದಳು. ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. "ಓಡಿ ದಣದೇನಿ," ಎನ್ನುತ್ತಿದ್ದಳು. ಒಂದು ಸಂಜೆ ಕೊನೆಯ ತಿರುವಿನಲ್ಲಿ ಅವಳ ಕಾಲು ತೊಡರಿದಂತಾಯಿತು. ಎದ್ದು ಬರುತ್ತಾಳೆಂದು ಕಾದೆ. ಏಳಲಿಲ್ಲ. ನಾನು ಓಡಿಹೋಗಿ ನೋಡಿದರೆ ಕಣ್ಣು ಅರ್ಧ ತೆರೆದಿತ್ತು, ತುಟಿ ಬಿಳಚಿತ್ತು, ಹಣೆ ಐಸಿನಂತೆ ತಣ್ಣಗಿತ್ತು. ನಾನು ಕೂಗಿದ್ದು ನನಗೇ ನೆನಪಿಲ್ಲ; ಹುಡುಗರ ಹಾಸ್ಟೆಲಿನ ತನಕ ಕೇಳಿಸಿತಂತೆ. ದುರ್ಗೇಶ ಬೈಕು ತಂದ. ಅವನ ಹಿಂದೆ ಜಮಾಲಬಿಯನ್ನು ಕೂರಿಸಿ, ಅವಳ ಹಿಂದೆ ನಾನು ಕೂತು ಅವಳನ್ನು ಹಿಡಿದುಕೊಂಡು ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ಹೆಗಲ ಮೇಲೆ ಭಾರವಾಗಿ ಬಿದ್ದಿತ್ತು. ಅಷ್ಟು ಹಗುರವಾದ ಹುಡುಗಿಯ ತಲೆ ಅಷ್ಟೊಂದು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಭಯಪಟ್ಟಿದ್ದೆ, ಸ್ವಾಮಿ.

ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಸಲೈನ್ ಹಚ್ಚಿದರು. "ರಕ್ತ ಭಾಳ ಕಮ್ಮಿ ಐತಿ. ಮೊದಲಿನಿಂದನೂ ಕಮ್ಮಿ ಇದ್ದೀತು. ಇಂಥಾದ್ರಾಗ ಓಡ್ತಿಯೇನ? ದಿನಾ ಏನ ಉಣ್ತಿ?"

ಜಮಾಲಬಿ ಆ ಸ್ಥಿತಿಯಲ್ಲೂ ಕಣ್ಣು ತೆರೆದು ಹೇಳಿದಳು: "ಯಾವುದು ಹೇಳ್ಲಿರಿ ಡಾಕ್ಟ್ರ? ಖರೇ ಉಂಡದ್ದೋ, ಆಫೀಸಿನ್ಯಾಗ ಬರಕೊಂಡದ್ದೋ?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

ಕಾಳು ನಿಂತದ್ದರಿಂದಲೇ ಅವಳು ಬಿದ್ದಳು ಎಂದು ನಾನು ವಾದಿಸುವುದಿಲ್ಲ. ಡಾಕ್ಟರಮ್ಮನೂ ಹಾಗೆ ಹೇಳಲಿಲ್ಲ. ಒಂದು ಬಟ್ಟಲು ಹೆಸರುಕಾಳು ಯಾರ ರಕ್ತವನ್ನೂ ತುಂಬಿಬಿಡುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗಿದೆ. ನಾನು ಕೇಳುವುದು ಇಷ್ಟೇ: ಮೊದಲಿನಿಂದಲೂ ರಕ್ತ ಕಡಿಮೆಯಿದ್ದ ಹುಡುಗಿಯನ್ನು ತಮ್ಮ ಸಮೀಕ್ಷೆ ಎದುರಿಗೇ ಕೂರಿಸಿಕೊಂಡು ಮಾತಾಡಿಸಿ, 'ಸಮೃದ್ಧ' ಎಂದು ಬರೆದುಕೊಂಡು ಹೋಯಿತಲ್ಲ, ಆ ಸಮೀಕ್ಷೆ ನಡೆದದ್ದು ಯಾಕೆ? ಇಂಥವರನ್ನು ಹುಡುಕಲೆಂದೇ ಅಲ್ಲವೇ? ದೀಪ ಹಿಡಿದು ಹುಡುಕಲು ಬಂದವರು ದೀಪಾವಳಿಯ ರಾತ್ರಿ ಬಂದು, ಊರಲ್ಲಿ ಕತ್ತಲೆಯೇ ಇಲ್ಲವೆಂದು ಬರೆದರೆ ಏನು ಹೇಳುವುದು?

ಮರುದಿನ ನಮ್ಮ ವಾರ್ಡನ್ ರಮಾಬಾಯಿಯವರು ತಮ್ಮ ಕಚೇರಿಗೆ ಫೋನ್ ಮಾಡಿದರು. ಅವರು ನರಗುಂದದವರು, ಶಿಸ್ತಿನ ಹೆಂಗಸು, ನಿಯಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ನಾವು ಎದುರಿಗೆ ನಿಂತಿದ್ದೆವು.

"ಹುಡುಗಿ ಬಿದ್ದು ದವಾಖಾನ್ಯಾಗ ಅದಾಳ್ರಿ ಸರ್. ಆ ಸರ್ವೆ ಇನ್ನೊಮ್ಮೆ ಮಾಡಸ್ರಿ."

ಆ ಕಡೆಯ ದನಿ ತಾಳ್ಮೆಯಿಂದ ಉತ್ತರಿಸಿತು: "ಮೇಡಂ, ಒಬ್ಬ ವಿದ್ಯಾರ್ಥಿನಿಯ ಪ್ರಕರಣದಿಂದ ಸರಾಸರಿ ಬದಲಾಗುವುದಿಲ್ಲ. ನಿಮ್ಮ ಕೇಂದ್ರದ ಅಂಕಿಅಂಶ ಎಲ್ಲರಿಗಿಂತ ಚೆನ್ನಾಗಿದೆ. ಅದನ್ನೇಕೆ ಕೈಯಾರೆ ಕೆಡಿಸಿಕೊಳ್ಳುತ್ತೀರಿ?"

ಸರಾಸರಿ! ಈ ಪದವನ್ನು ನಾನೂ ಓದಿದ್ದೇನೆ. ವರ್ಷದ ಸರಾಸರಿ ತೆಗೆದರೆ ಕೊಣ್ಣೂರಿನ ಸೇತುವೆಯ ಮೇಲೆ ನೀರೇ ಇರುವುದಿಲ್ಲ. ಆದರೆ ಮಲಪ್ರಭೆ ಉಕ್ಕಿ ಸೇತುವೆ ಹತ್ತಿದ ದಿನ ದುರ್ಗೇಶ ಆಚೆ ದಡದಲ್ಲಿ ನಿಂತು ಆಂತರಿಕ ಪರೀಕ್ಷೆ ತಪ್ಪಿಸಿಕೊಂಡ. ಅವನು ಅಂದು ಸರಾಸರಿಯ ಮೇಲೆ ನಡೆದುಬರಬಹುದಿತ್ತೆಂದು ತಮ್ಮ ಕಚೇರಿ ಹೇಳುವುದೇ?

ನಾವು ಅರ್ಜಿ ಕಳಿಸಿದೆವು. ಉತ್ತರವಿಲ್ಲ. ಮತ್ತೆ ಕಳಿಸಿದೆವು. ಕೊನೆಗೆ ನನಗೆ ಶಶಿಕಾಂತರ ನೆನಪಾಯಿತು. ಅಂದು ನನ್ನ ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ನೋಡಲು ಅವರು ತಮ್ಮ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟಿದ್ದರು. ಆ ಸಂಖ್ಯೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಜಮಾಲಬಿ ಈಗ ಹೇಗಿದ್ದಾಳೆಂದು ವಿಚಾರಿಸಿದರು. ಆಮೇಲೆ, "ಬುಧವಾರ ಬರತೇನಿ," ಎಂದರು. ಬಂದರು. ತಮ್ಮ ಕಚೇರಿಯ ವಾಹನದಲ್ಲಿ ಅಲ್ಲ, ರಜೆ ಹಾಕಿ ಸ್ವಂತ ಬೈಕಿನ ಮೇಲೆ. ಅಂದು ಹಬ್ಬವಿರಲಿಲ್ಲ, ಹುಣ್ಣಿಮೆಯಿರಲಿಲ್ಲ, ಯಾರ ಹುಟ್ಟುಹಬ್ಬವೂ ಇರಲಿಲ್ಲ. ನಮ್ಮ ಜೊತೆ ಸಾಲಿನಲ್ಲಿ ನಿಂತು ತಟ್ಟೆ ಹಿಡಿದರು. ಪರಶಪ್ಪ ಕಾಕಾ ಅನ್ನದ ಮೇಲೆ ಸಾರು ಹುಯ್ದ. ಶಶಿಕಾಂತ ತಟ್ಟೆಯೊಳಗೆ ಇಣುಕಿದರು.

"ಕಾಕಾ, ಬ್ಯಾಳಿ ಎಲ್ಲೈತ್ರಿ?"

"ತಳದಾಗ ಐತಿ. ಸೌಟು ಅಲ್ಲೀಮಟ ಹೋಗೂದಿಲ್ಲ."

ಉಂಡು ಕೈ ತೊಳೆದ ಮೇಲೆ ಅವರು ನಮ್ಮನ್ನು ಕೂರಿಸಿಕೊಂಡು ಹಿಂದಿನ ದಿನದ ಊಟ, ಅದರ ಹಿಂದಿನ ದಿನದ ಊಟ ಎಲ್ಲವನ್ನೂ ಮೊದಲಿನಿಂದ ಕೇಳಿ ಬರೆದುಕೊಂಡರು. ಒಂದೇ ದಿನದ ಊಟ ಕೇಳಿ ಯಾರ ಪೋಷಣೆಯನ್ನೂ ನಿರ್ಧರಿಸಬಾರದು, ಬೇರೆ ಬೇರೆ ದಿನಗಳಲ್ಲಿ ಕೇಳಬೇಕು, ಹಬ್ಬ ಮದುವೆಗಳ ದಿನಗಳನ್ನು ಬಿಡಬೇಕು ಎಂದು ಸಮೀಕ್ಷೆಯ ಹುಡುಗರಿಗೆ ತರಬೇತಿಯಲ್ಲೇ ಕಲಿಸಿದ್ದರೆಂದು ಹೇಳಿದರು. ದವಾಖಾನೆಯಿಂದ ಮರಳಿ ಬಂದಿದ್ದ ಜಮಾಲಬಿ, ಮಂಚದಿಂದ ಎದ್ದು ಬಂದು ಮೇಜಿನ ಆ ಬದಿಗೆ ಕೂತಿದ್ದಳು. ಅವಳಿಗೆ ಏನೋ ಹೊಳೆಯಿತು.

"ಸರ, ನಿನ್ನಿ ನೀವೇನ ಉಂಡ್ರಿ?"

ಶಶಿಕಾಂತ ತಬ್ಬಿಬ್ಬಾದರು. "ನಾನಾ? ಮುಂಜಾನಿ ಚಾ. ಮಧ್ಯಾಹ್ನ... ಫೀಲ್ಡಿನ್ಯಾಗ ಇದ್ದೆ, ಬನ್ನು ತಿಂದೆ. ರಾತ್ರಿ ಹೋಗೂದ್ರಾಗ ನಮ್ಮ ಮೆಸ್ ಮುಚ್ಚಿತ್ತು. ಚಾ ಕುಡದ ಮಲಗಿದೆ."

"ಇದು ನಿಮ್ಮ ಎಂದಿನ ಊಟದಂಗನ ಇತ್ತೇನ್ರಿ?"

"ಹೌದ್ರಿ," ಎಂದು ಅವರು ಹೇಳಿದರು, ಹೇಳಿ ತಾವೇ ಜೋರಾಗಿ ನಕ್ಕರು. ನಾವೂ ನಕ್ಕೆವು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಹೊಟ್ಟೆಯಲ್ಲಿ ಖನಿಜ ಎಷ್ಟಿದೆಯೆಂದು ಜಿಲ್ಲೆ ಜಿಲ್ಲೆ ತಿರುಗಿ ಅಳೆಯುವ ಹುಡುಗನನ್ನು ಯಾರೂ ಅಳೆದಿರಲಿಲ್ಲ. ಪರಶಪ್ಪ ಕಾಕಾ ಕೇಳದೆಯೇ ಇನ್ನೊಂದು ಸೌಟು ಅನ್ನ ತಂದು ಅವರ ಮುಂದಿಟ್ಟ. ಕೈ ತೊಳೆದಿದ್ದವರು ಮತ್ತೆ ಉಂಡರು.

ಅವರು ಹೊಸ ಮಾಹಿತಿಯನ್ನು ತಮ್ಮ ಕಚೇರಿಗೆ ಕಳಿಸಿದರು. 'ಸಮೀಕ್ಷೆಯ ಅವಧಿ ಮುಗಿದಿದೆ' ಎಂಬ ಉತ್ತರ ಬಂತಂತೆ. ಹೊಟ್ಟೆಗೆ ಅವಧಿ ಇರುವುದನ್ನು ನಾನು ಮೊದಲ ಬಾರಿ ಕೇಳಿದ್ದು ಆಗ.

ಈ ನಡುವೆ ಅಬ್ಬಿಗೇರಿಯಲ್ಲಿ ಕಡಲೆ ರಾಶಿ ನಡೆದಿತ್ತು. ಕಣದಲ್ಲಿ ಅವ್ವ ಯಾರಿಗೋ ಈ ಕಥೆ ಹೇಳುತ್ತಿದ್ದದ್ದು ಪ್ರಭುಲಿಂಗಪ್ಪನವರ ಕಿವಿಗೆ ಬಿತ್ತು. ಮೊದಲು ಅವರು ನಂಬಲಿಲ್ಲ. ನಂಬಿದಮೇಲೆ ಸಿಟ್ಟಾದರು. "ನಮ್ಮ ಹೊಲದಾಗ ಉಂಡದ್ದಕ್ಕ ಹುಡುಗ್ರ ಕಾಳು ನಿಂತಾವಂದ್ರ ನಾವೇನ ಪಾಪಾ ಮಾಡಿದ್ವೇನ?" ಎಂದು ಕೂಗಾಡಿ, ಒಂದು ಚೀಲ ಕಡಲೆ ತಮ್ಮ ಗಾಡಿಯಲ್ಲೇ ಹಾಸ್ಟೆಲಿಗೆ ಕಳಿಸಿದರು. ಪರಶಪ್ಪ ಕಾಕಾ ಚೀಲದ ಮುಂದೆ ನಿಂತು ವಾರ್ಡನ್ ಮೇಡಂರ ಮುಖ ನೋಡಿದ. ಸುತ್ತೋಲೆ ಗೋಡೆಯ ಮೇಲಿತ್ತು. ರಮಾಬಾಯಿಯವರು ಕನ್ನಡಕ ಹಾಕಿಕೊಂಡು ಅದನ್ನು ನಿಧಾನವಾಗಿ ಓದಿದರು.

"ಇದರಾಗ 'ಸರಬರಾಜು ನಿಲ್ಲಿಸತಕ್ಕದ್ದು' ಅಂತೈತಿ. 'ಕುದಿಸತಕ್ಕದ್ದಲ್ಲ' ಅಂತ ಎಲ್ಲೂ ಇಲ್ಲ. ನೆನಿ ಹಾಕ, ಪರಶಪ್ಪ."

ನಿಯಮಪಾಲನೆಯ ಇಂಥ ಉದಾಹರಣೆ ತಮ್ಮ ಇಲಾಖೆಯಲ್ಲೇ ಅಪರೂಪವಿರಬಹುದು. ದಯವಿಟ್ಟು ಅವರಿಗೆ ನೋಟಿಸು ಕಳಿಸಬೇಡಿ.

ಡಾಕ್ಟರಮ್ಮನ ಗುಳಿಗೆ, ಚಮನಬಿಯವರು ಗಜೇಂದ್ರಗಡದಿಂದ ಕಟ್ಟಿ ಕಳಿಸಿದ ಅಳವಿ ಬೀಜದ ಉಂಡಿ, ಸಂಜೆಯ ಕಡಲೆ, ಇವೆಲ್ಲ ಸೇರಿ ಜಮಾಲಬಿ ನಿಧಾನವಾಗಿ ಚೇತರಿಸಿಕೊಂಡಳು. ಮೊದಲು ನಡೆದಳು, ಆಮೇಲೆ ಬಿರಬಿರ ನಡೆದಳು, ಡಾಕ್ಟರಮ್ಮ ಹೂಂ ಎಂದಮೇಲೆ ಓಡಿದಳು. ಗದಗಿನ ಮೈದಾನದಲ್ಲಿ ದೈಹಿಕ ಪರೀಕ್ಷೆಯ ದಿನ ನಾನು ಬೇಲಿಯಾಚೆ ನಿಂತು ಸರಳು ಹಿಡಿದುಕೊಂಡಿದ್ದೆ. ಕೊನೆಯ ತಿರುವಿಗೆ ಅವಳು ಬಂದಾಗ ನನಗೆ ನೋಡಲಾಗದೆ ಕಣ್ಣು ಮುಚ್ಚಿದೆ. ತೆರೆದಾಗ ಅವಳು ಗೆರೆಯಾಚೆ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದಳು. ನಿಂತಿದ್ದಳು, ಬಿದ್ದಿರಲಿಲ್ಲ. ಸಮಯದೊಳಗೆ ಮುಟ್ಟಿದ್ದಳು. ಬೇಲಿಯ ಹತ್ತಿರ ಬಂದವಳ ಮೊದಲ ಮಾತು, "ಹಸಿವಿ ಆಗೇದ ಲೇ." ಈಗ ಆಯ್ಕೆಪಟ್ಟಿಗಾಗಿ ಕಾಯುತ್ತಿದ್ದಾಳೆ.

'ಹಾಗಾದರೆ ಎಲ್ಲ ಸರಿಹೋಯಿತಲ್ಲ' ಎಂದು ತಾವು ಟಿಪ್ಪಣಿ ಬರೆಯುವ ಮುನ್ನ ಇನ್ನೊಂದು ಮಾತು ಕೇಳಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ಚೀಲ ಖಾಲಿಯಾಯಿತು. ಅದನ್ನು ಕಳಿಸಿದವರ ಮನಸ್ಸು ದೊಡ್ಡದು, ಅನುಮಾನವಿಲ್ಲ. ಆದರೆ ನನ್ನ ಅವ್ವ ದುಡಿಯುವ ಹೊಲದ ಒಡೆಯರು ಕೊಟ್ಟ ಕಡಲೆಯನ್ನು ತಿನ್ನುವಾಗಲೆಲ್ಲ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿಯುತ್ತಿದ್ದೆ. ಪರಶಪ್ಪ ಕಾಕಾ ಮೊದಲು ಕೊಡುತ್ತಿದ್ದ ಉಸುಳಿ ತಿನ್ನುವಾಗ ನಾನು ಯಾರಿಗೂ ಕೈ ಮುಗಿಯಬೇಕಾಗಿರಲಿಲ್ಲ. ಅದು ನನ್ನದಾಗಿತ್ತು, ಗ್ರಂಥಾಲಯದ ಕುರ್ಚಿ ನನ್ನದಾಗಿರುವಂತೆ. ಹಕ್ಕಿನ ಕಾಳಿಗೂ ದಯೆಯ ಕಾಳಿಗೂ ಕಬ್ಬಿಣದಂಶ ಒಂದೇ ಇರಬಹುದು. ರುಚಿ ಬೇರೆ, ಸ್ವಾಮಿ. ಅದನ್ನು ಅಳೆಯುವ ಯಂತ್ರ ತಮ್ಮ ಬಳಿ ಇಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಸುತ್ತೋಲೆಯನ್ನು ಹಿಂಪಡೆಯಿರಿ; ಸಂಜೆಯ ಕಾಳು, ಉಂಡಿ, ಮಜ್ಜಿಗೆ ಮತ್ತೆ ಬರಲಿ. ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ, ಖಂಡಿತ ಬೇಕು, ಜಮಾಲಬಿಯಂಥವರು ಇನ್ನೆಷ್ಟು ಜನ ಸುಮ್ಮನೆ ಮೆಟ್ಟಿಲ ಮೇಲೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಾರೋ ಗೊತ್ತಾಗಬೇಕು. ಆದರೆ ಹೇಳದೆ ಬನ್ನಿ. ಏನೂ ವಿಶೇಷವಿಲ್ಲದ ಸೋಮವಾರವೋ ಗುರುವಾರವೋ ಬನ್ನಿ, ಮತ್ತೆ ಬನ್ನಿ, ಊಟ ಕೇಳುವುದರ ಜೊತೆಗೆ ಬೆರಳು ಚುಚ್ಚಿ ರಕ್ತವನ್ನೂ ನೋಡಿ. ನಮ್ಮ ಪುಂಡಿಪಲ್ಲೆ, ಗುರೆಳ್ಳುಗಳ ಹೆಸರನ್ನು ಆ ಯಂತ್ರಕ್ಕೆ ಕಲಿಸಿಕೊಂಡು ಬನ್ನಿ. ಅಳೆಯಲು ಕಳಿಸುವ ಹುಡುಗರಿಗೆ ಮೊದಲು ಊಟ ಹಾಕಿ ಕಳಿಸಿ. ತಾವೇ ಬಂದರೆ ಇನ್ನೂ ಸಂತೋಷ; ತಟ್ಟೆ ನಾವು ಕೊಡುತ್ತೇವೆ.

ಇಷ್ಟು ತಿಂಗಳು ಸುಮ್ಮನಿದ್ದು ಈಗೇಕೆ ಬಹಿರಂಗವಾಗಿ ಬರೆದೆ ಎಂದು ಕೇಳಬಹುದು. ಈ ವರ್ಷದ ಹೊಸ ಹುಡುಗಿಯರು ಹಾಸ್ಟೆಲಿಗೆ ಬಂದಿದ್ದಾರೆ. ಅವರಲ್ಲಿ ಕೊಣ್ಣೂರಿನ ಕಡೆಯ ಚನ್ನವ್ವ ಎಂಬವಳು ಮೊನ್ನೆ ಸಂಜೆ ಗ್ರಂಥಾಲಯದಿಂದ ಬರುವಾಗ, ನಾಚಿಕೊಳ್ಳುತ್ತ, ಯಾವುದೋ ಹಳೆಯ ಕಾಲದ ಸುದ್ದಿ ಕೇಳುವವಳಂತೆ ನನ್ನನ್ನು ಕೇಳಿದಳು:

"ಅಕ್ಕಾ, ಇಲ್ಲಿ ಮೊದಲ ಸಂಜೀಕ ಕಾಳು ಕೊಡ್ತಿದ್ರಂತ. ಖರೇ ಏನ್ರಿ?"

"ಖರೇ," ಎಂದೆ. ಅವಳ ಮುಖ ನೋಡಿ, ಅಷ್ಟಕ್ಕೆ ನಿಲ್ಲಿಸಲಾಗದೆ, "ಇನ್ನ ಮ್ಯಾಲೂ ಕೊಡ್ತಾರ," ಎಂದುಬಿಟ್ಟೆ.

ಮೊದಲ ಮಾತಿಗೆ ನಾನು ಜವಾಬ್ದಾರಳು. ಎರಡನೆಯದಕ್ಕೆ ತಾವು.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಹೊಟ್ಟೆ ತುಂಬಿರುವ,
ಕವಿತಾ
ಅಬ್ಬಿಗೇರಿ, ರೋಣ ತಾಲ್ಲೂಕು